ಶಿರಸಿ ಸೀಮೆಯ ಹವ್ಯಕ ಕನ್ನಡ: ದಿನಬಳಕೆಯ ವಾಕ್ಯಗಳ ವ್ಯಾಕರಣ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಹವ್ಯಕ ಸಮುದಾಯದವರು ಮನೆಯಲ್ಲಿ, ತೋಟದಲ್ಲಿ, ಮದುವೆ ಉಪನಯನಗಳ ಚಪ್ಪರದಲ್ಲಿ ಆಡುವ ಕನ್ನಡದ ಒಳನುಡಿಯೇ ಶಿರಸಿ ಸೀಮೆಯ ಹವ್ಯಕ ಕನ್ನಡ. ಆಡುವವರು ಇದನ್ನು ಹವಿಗನ್ನಡ ಎನ್ನುತ್ತಾರೆ, ಎಷ್ಟೋ ಸಲ ‘ನಮ್ಮ ಭಾಷೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಶಾಲೆಯ ಕನ್ನಡಕ್ಕೂ ಇದಕ್ಕೂ ಪದಗಳಲ್ಲಿರುವ ವ್ಯತ್ಯಾಸ ಕೂಡಲೇ ಕಿವಿಗೆ ಬೀಳುತ್ತದೆ. ವ್ಯತ್ಯಾಸ ನಿಜವಾಗಿ ಆಳವಾಗಿರುವುದು ಕ್ರಿಯಾಪದದ ಕೊನೆಯಲ್ಲಿ. ಮಾಡಿದವರು ಯಾರು, ಅವರು ಗಂಡೋ ಹೆಣ್ಣೋ, ಕೆಲಸ ಮುಗಿದಿದೆಯೋ ಇಲ್ಲವೋ, ಹೇಳುವವನು ಅದನ್ನು ಕಂಡು ಹೇಳುತ್ತಿದ್ದಾನೋ ಕೇಳಿ ಹೇಳುತ್ತಿದ್ದಾನೋ ಎಂಬುದೆಲ್ಲ ಅಲ್ಲಿಯ ಒಂದೆರಡು ಅಕ್ಷರಗಳಲ್ಲಿ ಅಡಗಿರುತ್ತದೆ. ಇದನ್ನು ಕೆಟ್ಟ ಕನ್ನಡ, ಹಳ್ಳಿಯ ತುಂಡು ಮಾತು ಎಂದು ತಿಳಿದವರು ಇಂದಿಗೂ ಇದ್ದಾರೆ. ಕೆಳಗೆ ಕೊಟ್ಟಿರುವ ಸಾದಾ ವಾಕ್ಯಗಳನ್ನು ಗಮನವಿಟ್ಟು ನೋಡಿದರೆ ಆ ತಿಳಿವಳಿಕೆ ತಪ್ಪೆಂಬುದು ಗೊತ್ತಾಗುತ್ತದೆ. ಇಲ್ಲಿ ನಿಯಮ ಸಡಿಲವಾಗಿಲ್ಲ. ಕೆಲವು ಕಡೆ ಅದು ಬರಹದ ಕನ್ನಡಕ್ಕಿಂತ ಬಿಗಿಯಾಗಿಯೇ ಇದೆ.

ನೆಲ ಮತ್ತು ನೆರೆ

ಅಡಕೆ ತೋಟ, ಅದಕ್ಕೆ ಸೊಪ್ಪು, ತರಗೆಲೆ ಒದಗಿಸುವ ಸೊಪ್ಪಿನ ಬೆಟ್ಟ, ಕಣಿವೆಗೊಂದರಂತೆ ಬಿಡಿಬಿಡಿಯಾಗಿ ನಿಂತ ಮನೆಗಳು ಈ ಸೀಮೆಯ ಲಕ್ಷಣ. ಕದಂಬರ ರಾಜಧಾನಿಯಾಗಿದ್ದ ಬನವಾಸಿ ಶಿರಸಿ ತಾಲೂಕಿನಲ್ಲೇ ಇದೆ. ಹವ್ಯಕರನ್ನು ಕದಂಬ ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದ ಎಂಬುದು ಐತಿಹ್ಯ. ಬ್ರಿಟಿಷರ ಕಾಲದಲ್ಲಿ ಕೆನರಾ ಜಿಲ್ಲೆ ಇಬ್ಭಾಗವಾಗಿ, ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಇಲ್ಲಿಯವರಿಗೆ ಸರಕಾರವೆಂದರೆ ಮುಂಬಯಿಯೇ. ಮರಾಠಿ ಮತ್ತು ಕೊಂಕಣಿಯ ಒಡನಾಟ ಅದಕ್ಕೂ ಹಳೆಯದು. ತಾಯಿಯನ್ನು ಶಿರಸಿ ಕಡೆಯ ಮಕ್ಕಳು ‘ಆಯಿ’ ಎಂದೂ ದಕ್ಷಿಣ ಕನ್ನಡದ ಹವ್ಯಕ ಮಕ್ಕಳು ‘ಅಬ್ಬೆ’ ಎಂದೂ ಕರೆಯುವುದರಲ್ಲಿ ಈ ನೆರೆಹೊರೆಯ ಗುರುತು ಕಾಣುತ್ತದೆ.

ಈ ಮೂರು ತಾಲೂಕುಗಳ ಕನ್ನಡವೆಂದರೆ ಹವ್ಯಕರದೊಂದೇ ಅಲ್ಲ. ನಾಮಧಾರಿಗಳು, ಕರೆ ಒಕ್ಕಲಿಗರು ಮುಂತಾದವರ ಮನೆಮಾತಿಗೆ ಅದರದೇ ಧಾಟಿಯಿದೆ. ಯಲ್ಲಾಪುರದ ಕಾಡಿನ ಅಂಚಿನಲ್ಲಿ ಬಾಳುವ ಸಿದ್ದಿಗಳು ಕೊಂಕಣಿ, ಕನ್ನಡ, ಮರಾಠಿಗಳ ನಡುವೆ ಸಲೀಸಾಗಿ ಓಡಾಡುತ್ತಾರೆ. ಗೌಳಿಗಳ ಮನೆಮಾತು ಮರಾಠಿಯ ಒಂದು ಬಗೆ. ಪ್ರತಿಯೊಂದೂ ಬೇರೆ ಲೇಖನಕ್ಕೆ ಯೋಗ್ಯವಾದ ವಿಷಯ.

ಸರ್ವನಾಮಗಳು

‘ನಾನು’ ಎಂಬುದಕ್ಕೆ ಇಲ್ಲಿ ‘ಆನು’. ಹಳಗನ್ನಡದ ‘ಆನ್’ ಅಷ್ಟಿಷ್ಟೇ ಬದಲಾಗಿ ಉಳಿದಿರುವ ರೂಪವಿದು. ‘ಯನ್ನ’ ಎಂದರೆ ನನ್ನ, ‘ಯಂಗೆ’ ಎಂದರೆ ನನಗೆ, ‘ಯಂಗ’ ಎಂದರೆ ನಾವು. ಎದುರಿಗಿರುವವರು ಒಬ್ಬರೇ ಆದರೆ, ಸಲುಗೆಯಿದ್ದರೆ ‘ನೀನು’. ಹಲವರಾದರೆ ಅಥವಾ ಹಿರಿಯರಾದರೆ ‘ನಿಂಗ’. ಅಕ್ಷರ ಹತ್ತಿರ ಹತ್ತಿರ ಇರುವುದರಿಂದ ಹೊರಗಿನವರು ‘ನಿಂಗೆ’ ಮತ್ತು ‘ನಿಂಗ’ಗಳನ್ನು ಒಂದೆಂದು ಕೇಳಿಸಿಕೊಳ್ಳುವುದುಂಟು. ಮೊದಲನೆಯದು ನಿನಗೆ, ಎರಡನೆಯದು ನೀವು.

‘ಯಂಗ’ ಎನ್ನುವಾಗ ಕೇಳುಗ ಹೊರಗುಳಿಯುತ್ತಾನೆ: ‘ಯಂಗಳ ಮನೆ’ ಎಂದರೆ ನಿನ್ನದಲ್ಲದ, ನಮ್ಮ ಮನೆ. ಕೇಳುಗನನ್ನು ಒಳಗೊಳ್ಳುವ ‘ನಾವು’ ಮತ್ತು ಒಳಗೊಳ್ಳದ ‘ನಾವು’ ಬೇರೆ ಬೇರೆ ಇರುವುದು ದ್ರಾವಿಡ ನುಡಿಗಳ ಹಳೆಯ ಲಕ್ಷಣ. ತಮಿಳು, ತೆಲುಗು, ಮಲೆಯಾಳಗಳಲ್ಲಿ ಅದು ಇಂದಿಗೂ ಇದೆ, ಬರಹದ ಕನ್ನಡ ಬಿಟ್ಟುಕೊಟ್ಟಿದೆ. ದಕ್ಷಿಣ ಕನ್ನಡದ ಹವ್ಯಕ ಮಾತಿನಲ್ಲಿಯೂ ‘ಎಂಗೊ’ ಮತ್ತು ‘ನಾವು’ ಎಂಬ ಜೋಡಿಯಾಗಿ ಇದು ಉಳಿದಿದೆ.

ಬಂಜ, ಬಂಜು

‘ಮಾಣಿ ಬಂಜ’ ಎಂದರೆ ಹುಡುಗ ಬಂದಿದ್ದಾನೆ. ‘ಕೂಸು ಬಂಜು’ ಎಂದರೆ ಹುಡುಗಿ ಬಂದಿದ್ದಾಳೆ. ‘ಬಸ್ಸು ಬಂಜು’ ಎಂದರೆ ಬಸ್ಸು ಬಂದಿದೆ. ಹುಡುಗಿಗೂ ಬಸ್ಸಿಗೂ ಕ್ರಿಯಾಪದ ಒಂದೇ. ಏಕವಚನದಲ್ಲಿ ಹವ್ಯಕ ಕನ್ನಡಕ್ಕೆ ಎರಡೇ ಲಿಂಗ: ಗಂಡು ಒಂದು, ಉಳಿದದ್ದೆಲ್ಲ ಇನ್ನೊಂದು. ತಾಯಿ, ಅಕ್ಕ, ಹೆಂಡತಿ, ಮಗಳು ಎಲ್ಲರೂ ‘ಅದು’. ‘ಆಯಿ ಹೇಳ್ತು’ ಎಂದರೆ ತಾಯಿ ಹೇಳುತ್ತಾಳೆ.

ಇದನ್ನು ಕೇಳಿ ಬೇರೆ ಊರಿನವರು ಹುಬ್ಬೇರಿಸುತ್ತಾರೆ, ಹೆಂಗಸರನ್ನು ವಸ್ತುಗಳ ಸಾಲಿಗೆ ಸೇರಿಸಿದ್ದಾರೆ ಎನ್ನುತ್ತಾರೆ. ವ್ಯಾಕರಣದ ಲಿಂಗವನ್ನು ಅಷ್ಟು ನೇರವಾಗಿ ಸಮಾಜದ ಅಳತೆಗೋಲು ಮಾಡುವುದು ಸರಿಯಲ್ಲ. ತೆಲುಗಿನಲ್ಲೂ ಏಕವಚನದ ಕ್ರಿಯಾಪದ ಹೀಗೆಯೇ, ಹೆಣ್ಣಿಗೂ ವಸ್ತುವಿಗೂ ಒಂದೇ ಪ್ರತ್ಯಯ. ಗೊಂಡಿ, ಕೊಲಾಮಿಗಳಲ್ಲೂ ಗಂಡು ಮತ್ತು ಗಂಡಲ್ಲದ್ದು ಎಂಬ ವಿಂಗಡಣೆಯೇ ಇದೆ. ಮೂಲ ದ್ರಾವಿಡದಲ್ಲಿ ಏಕವಚನದ ವ್ಯವಸ್ಥೆ ಹೀಗಿತ್ತು ಎಂಬುದು ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರ ವಾದ. ಹವ್ಯಕ ಕನ್ನಡದ ಬಳಕೆ ಆ ಮೂಲದಿಂದ ನೇರವಾಗಿ ಇಳಿದು ಬಂದದ್ದೆಂದು ಇಷ್ಟರಿಂದಲೇ ಹೇಳಲಾಗದು. ಕನ್ನಡದ ಮೂರು ಲಿಂಗಗಳು ಆಮೇಲೆ ಎರಡಕ್ಕೆ ಇಳಿದಿರಲೂಬಹುದು. ಆಡುವವರಿಗಂತೂ ‘ಅದು’ ಎನ್ನುವುದರಲ್ಲಿ ತಾತ್ಸಾರದ ಸುಳಿವಿಲ್ಲ. ಗೌರವ ತೋರಿಸಬೇಕಾದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದಾರಿ, ಬಹುವಚನದ ‘ಅವು’.

‘ಬಂಜ’ ರೂಪದ ಹುಟ್ಟನ್ನು ಊಹಿಸುವುದು ಕಷ್ಟವಲ್ಲ. ‘ಬಂದು’ ಮತ್ತು ‘ಇರು’ ಸೇರಿ ಆದ ‘ಬಂದಿದ’ ಎಂಬಂಥ ರೂಪದಲ್ಲಿ ಇಕಾರ ಪಕ್ಕದ ದಕಾರವನ್ನು ತಾಲವ್ಯದ ಕಡೆ ಎಳೆದು ಜಕಾರವಾಗಿಸಿದೆ. ‘ತಂದಿದ್ದೇನೆ’ ಎಂಬುದು ‘ತಂಜಿ’ ಆಗಿರುವುದೂ ಹೀಗೆಯೇ. ‘ಹೋಗು’ ಕ್ರಿಯೆಯಲ್ಲಿ ಆ ಸಂದರ್ಭವಿಲ್ಲ, ಆದ್ದರಿಂದ ಅಲ್ಲಿ ‘ಹೋಯ್ದ’, ‘ಹೋಯ್ದು’. ಸಾದಾ ಭೂತಕಾಲ ಇದರಿಂದ ಬೇರೆ. ‘ಅವ ನಿನ್ನೆ ಬಂದ’ ಎಂದರೆ ಬಂದದ್ದು ನಿನ್ನೆಯ ಸಂಗತಿ, ಈಗ ಇದ್ದಾನೋ ಇಲ್ಲವೋ ಬೇರೆ ಮಾತು. ‘ಅವ ಬಂಜ’ ಎಂದರೆ ಬಂದಿದ್ದಾನೆ, ಇಲ್ಲೇ ಇದ್ದಾನೆ. ಇಂಗ್ಲಿಷಿನ ‘ಕೇಮ್’ ಮತ್ತು ‘ಹ್ಯಾಸ್ ಕಮ್’ ನಡುವಿನ ಗೆರೆಯನ್ನು ಶಾಲೆಯಲ್ಲಿ ಉರು ಹೊಡೆಯುವ ಈ ಸೀಮೆಯ ಮಕ್ಕಳು ಅದಕ್ಕೆ ಹತ್ತಿರದ ಗೆರೆಯೊಂದನ್ನು ಮನೆಯಲ್ಲಿ ದಿನವೂ ಎಳೆಯುತ್ತಿರುತ್ತಾರೆ. ಪಾಠ ಹೇಳುವವರು ಅಲ್ಲಿಂದಲೇ ಶುರುಮಾಡಿದರೆ ಎಷ್ಟು ಸುಲಭ!

ಇದೇ ಕಾಲವ್ಯವಸ್ಥೆಯಲ್ಲಿ ಹೊರಗಿನವರು ಎಡವುವ ಒಂದು ಜಾಗವಿದೆ. ‘ಅಪ್ಪಯ್ಯ ಮನೇಲಿ ಇದ್ದ’ ಎಂಬ ಮಾತು ಬೆಂಗಳೂರಿನ ಕಿವಿಗೆ ತಂದೆ ಹಿಂದೆಂದೋ ಮನೆಯಲ್ಲಿದ್ದ ಎಂದು ಕೇಳಿಸುತ್ತದೆ. ಇಲ್ಲಿ ‘ಇದ್ದ’ ಎಂದರೆ ಇದ್ದಾನೆ, ‘ಇದ್ದು’ ಎಂದರೆ ಇದೆ ಅಥವಾ ಇದ್ದಾಳೆ, ‘ಇದ್ದಿ’ ಎಂದರೆ ಇದ್ದೇನೆ. ಕಳೆದುಹೋದ ಕಾಲಕ್ಕೆ ‘ಇದ್ದಿದ್ದ’ ಎನ್ನಬೇಕು.

ಅಡಗಿದ ವ್ಯಂಜನ

ಈ ಒಳನುಡಿಯ ಅತ್ಯಂತ ಸೊಗಸಾದ ನಿಯಮ ಪ್ರಶ್ನೆ ಕೇಳುವಾಗ ಹೊರಬರುತ್ತದೆ. ‘ಅವ ಬಂಜ’ ಎಂಬುದನ್ನು ಪ್ರಶ್ನೆ ಮಾಡಲು ಕೊನೆಯ ಸ್ವರವನ್ನು ಎಳೆದು ‘ಬಂಜಾ?’ ಎಂದರೆ ಸಾಕೆಂದು ತೋರುತ್ತದೆ. ಹಾಗೆ ಎಂದರೆ ಕೇಳಿದ್ದು ಹುಡುಗಿಯ ಬಗ್ಗೆ ಆಗುತ್ತದೆ! ಹುಡುಗನ ಬಗ್ಗೆ ಕೇಳಲು ‘ಬಂಜ್ನಾ?’ ಎನ್ನಬೇಕು. ಹಲವರ ಬಗ್ಗೆ ಕೇಳಲು ‘ಬಂಜ್ವಾ?’. ಸಾದಾ ಹೇಳಿಕೆಯಲ್ಲಿ ‘ಅವ ಬಂಜ’ ಎಂಬುದೂ ‘ಅವು ಬಂಜ’ ಎಂಬುದೂ ಕೊನೆಯಲ್ಲಿ ಒಂದೇ ಆಗಿ ಕೇಳಿಸುತ್ತವೆ. ಹಿಂದೆ ಒಂದು ಪ್ರತ್ಯಯ ಬಂದು ಅಂಟಿದ ಕೂಡಲೇ ಒಂದರ ಹೊಟ್ಟೆಯಿಂದ ನಕಾರವೂ ಇನ್ನೊಂದರ ಹೊಟ್ಟೆಯಿಂದ ವಕಾರವೂ ಎದ್ದು ಬರುತ್ತವೆ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಹಳಗನ್ನಡದಲ್ಲಿ ‘ಬಂದನ್’ ಎಂಬಂತೆ ಗಂಡಿಗೆ ನಕಾರಾಂತ ಪ್ರತ್ಯಯವಿತ್ತು. ಪದದ ತುದಿಯಲ್ಲಿ ಆ ನಕಾರ ಸವೆದುಹೋಯಿತು, ಆದರೆ ಮುಂದೆ ಸ್ವರ ಬಂದು ಆಸರೆ ಕೊಟ್ಟಲ್ಲಿ ಉಳಿಯಿತು. ನಿಷೇಧದಲ್ಲೂ ಇದೇ ನಡೆ: ‘ಅವ ಬಂಜ್ನಿಲ್ಲೆ’ ಎಂದರೆ ಅವನು ಬಂದಿಲ್ಲ, ‘ಅದು ಬಂಜಿಲ್ಲೆ’ ಎಂದರೆ ಅವಳು ಅಥವಾ ಅದು ಬಂದಿಲ್ಲ, ‘ಅವು ಬಂಜ್ವಿಲ್ಲೆ’ ಎಂದರೆ ಅವರು ಬಂದಿಲ್ಲ. ಬರಹದ ಕನ್ನಡದಲ್ಲಿ ‘ಬಂದಿಲ್ಲ’ ಎಂಬ ಒಂದೇ ರೂಪ ಅವನಿಗೂ ಅವಳಿಗೂ ಅವರಿಗೂ ಸಲ್ಲುತ್ತದೆ. ಹವ್ಯಕ ಕನ್ನಡ ‘ಇಲ್ಲ’ ಎನ್ನುವಾಗಲೂ ಯಾರು ಎಂಬ ಗುರುತನ್ನು ಬಿಟ್ಟುಕೊಡುವುದಿಲ್ಲ. ‘ಬತ್ತಿ’ ಎಂದರೆ ಬರುತ್ತೇನೆ. ಅದರ ನಿಷೇಧ ‘ಬತ್ನಿಲ್ಲೆ’, ಅಲ್ಲಿಯೂ ‘ಏನ್’ ಪ್ರತ್ಯಯದ ಹಳೆಯ ನಕಾರ ತಲೆಯೆತ್ತುತ್ತದೆ.

ಇಂಗ್ಲಿಷಿನಲ್ಲಿ ಪ್ರಶ್ನೆ ಮಾಡಲು ಸಹಾಯಕ ಕ್ರಿಯಾಪದವನ್ನು ವಾಕ್ಯದ ಮುಂದಕ್ಕೆ ತರುತ್ತಾರೆ. ಕನ್ನಡ ವಾಕ್ಯ ಪದಗಳನ್ನು ಅಲ್ಲಲ್ಲೇ ಬಿಟ್ಟು ಬಾಲವನ್ನಷ್ಟೇ ಬದಲಿಸುತ್ತದೆ. ಆ ಬಾಲದಲ್ಲಿ ಎಷ್ಟು ಸಂಗತಿ ಹಿಡಿಸಬಹುದು ಎಂಬುದಕ್ಕೆ ‘ಬಂಜ್ನಾ’ಗಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಎರಡೇ ಅಕ್ಷರಗಳಲ್ಲಿ ಬರುವ ಕ್ರಿಯೆ, ಅದು ಮುಗಿದು ಫಲ ಉಳಿದಿರುವುದು, ಮಾಡಿದವನು ಗಂಡು, ಒಬ್ಬನೇ, ಮತ್ತು ಇದು ಪ್ರಶ್ನೆ ಎಂಬ ಐದು ಸಂಗತಿಗಳಿವೆ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಬರಹದ ಕನ್ನಡದ ‘ಅಂತೆ’ಗೆ ಇಲ್ಲಿ ‘ಅಡ’. ‘ಬತ್ನಡ’ ಎಂದರೆ ಅವನು ಬರುತ್ತಾನಂತೆ, ‘ಬತ್ತಡ’ ಎಂದರೆ ಅವಳು ಬರುತ್ತಾಳಂತೆ ಅಥವಾ ಅದು ಬರುತ್ತದಂತೆ, ‘ಬತ್ವಡ’ ಎಂದರೆ ಅವರು ಬರುತ್ತಾರಂತೆ. ‘ಮುಂದಿನ ವಾರ ಮದುವೆ ಅಡ’, ‘ಹೌದಡ’. ಊರಿನ ಸುದ್ದಿಯೆಲ್ಲ ಈ ‘ಅಡ’ದ ಮೇಲೆಯೇ ಸಾಗುತ್ತದೆ. ತಾನು ಕಣ್ಣಾರೆ ಕಾಣದ್ದನ್ನು ‘ಅಡ’ ಇಲ್ಲದೆ ಹೇಳಿದವನಿಗೆ ‘ನೀನು ನೋಡಿದ್ಯಾ?’ ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ. ಹಳಗನ್ನಡ ಕಾವ್ಯಗಳಲ್ಲಿ ಬರುವ ‘ಗಡ’ ಎಂಬ ಅವ್ಯಯಕ್ಕೂ ಇದಕ್ಕೂ ನಂಟಿರಬೇಕು ಎಂದು ರೂಪ ಮತ್ತು ಅರ್ಥ ಎರಡನ್ನೂ ನೋಡಿದಾಗ ಅನ್ನಿಸುತ್ತದೆ.

ಕೇಳಿದ್ದಲ್ಲ, ಕುರುಹು ನೋಡಿ ಊಹಿಸಿದ್ದು ಎಂದಾದರೆ ‘ಕಾಣ್ತು’ ಬರುತ್ತದೆ. ಆಕಾಶ ಕಪ್ಪಾದಾಗ ‘ಮಳೆ ಬತ್ತು ಕಾಣ್ತು’. ಅಂಗಳದಲ್ಲಿ ಚಪ್ಪಲಿ ಕಂಡಾಗ ‘ಭಾವ ಬಂಜ ಕಾಣ್ತು’. ಕುರುಹೂ ಇಲ್ಲ, ಬರೀ ಸಾಧ್ಯತೆ ಎಂದಾದರೆ ‘ಇಕ್ಕು’: ‘ಬಂದಿಕ್ಕು’ ಎಂದರೆ ಬಂದಿರಬಹುದು, ‘ಇದ್ದಿಕ್ಕು’ ಎಂದರೆ ಇರಬಹುದು. ಹೀಗೆ ಬಂದ ಸುದ್ದಿಯನ್ನು ನಾಲ್ಕು ಮೆಟ್ಟಿಲುಗಳಲ್ಲಿ ಹೇಳಬಹುದು: ಬಂಜ, ಬಂಜ ಕಾಣ್ತು, ಬಂಜ್ನಡ, ಬಂದಿಕ್ಕು. ಜಗತ್ತಿನ ಹಲವು ಭಾಷೆಗಳಲ್ಲಿ ತಿಳಿವಿನ ಮೂಲವನ್ನು ಕ್ರಿಯಾಪದದಲ್ಲೇ ಗುರುತಿಸುವ ವ್ಯವಸ್ಥೆಯನ್ನು ಭಾಷಾವಿಜ್ಞಾನಿಗಳು ಬೆರಗಿನಿಂದ ವರ್ಣಿಸಿದ್ದಾರೆ. ತುರ್ಕಿ ಭಾಷೆ ಅದಕ್ಕೆ ಹೆಸರಾಗಿದೆ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಬೇರೆ ಪದಗಳನ್ನು ಸೇರಿಸಿಯೇ ಹೇಳಬೇಕು.

‘ಅಡ’ದ ಬಗ್ಗೆ ಇನ್ನೊಂದು ಮಾತು. ‘ಹೋಗಡ’ ಎಂದರೆ ಹೋಗಬೇಡ. ‘ಹೋತಡ’ ಎಂದರೆ ಹೋಯಿತಂತೆ. ‘ಬರಡ’ ಎಂದರೆ ಬರಬೇಡ. ‘ಬತ್ತಡ’ ಎಂದರೆ ಬರುತ್ತದಂತೆ. ಕಿವಿಗೆ ಎರಡೂ ‘ಅಡ’ ಒಂದೇ. ಬೇಡ ಎಂಬುದು ಸವೆದು ಆದ ‘ಅಡ’ ಧಾತುವಿಗೆ ನೇರವಾಗಿ ಹತ್ತುತ್ತದೆ, ಸುದ್ದಿಯ ‘ಅಡ’ ಕಾಲ ಮತ್ತು ಲಿಂಗಗಳನ್ನು ಹೊತ್ತು ಪೂರ್ಣವಾದ ಕ್ರಿಯಾಪದಕ್ಕೆ ಮಾತ್ರ ಹತ್ತುತ್ತದೆ. ಈ ಸ್ಥಾನಭೇದ ಒಂದಿರುವುದರಿಂದ ಆಡುವವರಿಗೆ ಗೊಂದಲವೇ ಆಗುವುದಿಲ್ಲ.

ಹಳಗನ್ನಡದ ಉಳಿಕೆಗಳು

ಮನೆಗೆ ಬಂದ ನೆಂಟರನ್ನು ‘ಆಸ್ರಿಗೆ ಎಂತ ಅಕ್ಕು?’ ಎಂದು ಕೇಳುವುದು ಈ ಸೀಮೆಯ ರೂಢಿ. ಬಾಯಾರಿಕೆಗೆ ಏನಾಗಬಹುದು ಎಂದರ್ಥ. ‘ಎಂತಾದ್ರೂ ಅಡ್ಡಿಲ್ಲೆ’ ಎಂಬುದು ಉತ್ತರ. ಇಲ್ಲಿಯ ‘ಅಕ್ಕು’ ಹಳಗನ್ನಡದ ‘ಅಕ್ಕುಂ’. 13ನೆಯ ಶತಮಾನದ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ಕನ್ನಡದ ರೂಪ ಇದು. ಪಠ್ಯಪುಸ್ತಕದಲ್ಲಿ ಟಿಪ್ಪಣಿ ಬೇಡುವ ಪದ ಶಿರಸಿಯ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ.

‘ಅಕ್ಕು’ ಇನ್ನೊಂದು ಕ್ರಿಯೆಯ ಹಿಂದೆ ಸೇರಿ ಅನುಮತಿಯಾಗುತ್ತದೆ: ‘ಹೋಪ್ಲಕ್ಕು’ ಎಂದರೆ ಹೋಗಬಹುದು. ಅದರ ಎದುರು ‘ಹೋಪ್ಲಾಗ’, ಹೋಗಬಾರದು. ‘ಹಾಂಗೆ ಹೇಳ್ಲಾಗ’ ಎಂದು ಹಿರಿಯರು ಮಕ್ಕಳನ್ನು ತಿದ್ದುತ್ತಾರೆ. ಕಡ್ಡಾಯಕ್ಕೆ ‘ಅವು’: ‘ಹೋಗವು’, ‘ಬರವು’, ‘ಮದ್ದು ಹೊಡೆಯವು’. ಮದ್ದೆಂದರೆ ಮಳೆಗಾಲದಲ್ಲಿ ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ.

ಭವಿಷ್ಯವನ್ನು ಸೂಚಿಸುವ ಹಳೆಯ ಪಕಾರ ಮತ್ತು ಬಕಾರಗಳು ಕ್ರಿಯೆಯಿಂದಾದ ನಾಮಪದ, ವಿಶೇಷಣಗಳಲ್ಲಿ ಗಟ್ಟಿಯಾಗಿ ಉಳಿದಿವೆ. ‘ಬರ್ಪುದು’ ಎಂಬುದು ‘ಬಪ್ಪದು’ ಆಗಿದೆ, ‘ಪೋಪುದು’ ಎಂಬುದು ‘ಹೋಪದು’. ‘ತಿಂಬದು’, ‘ಕಾಂಬದು’, ‘ಅಪ್ಪದು’ ಎಲ್ಲ ಇದೇ ಸಾಲಿನವು. ‘ಎಲ್ಲಿಗೆ ಹೋಪದು?’ ಎಂಬುದು ದಾರಿಯಲ್ಲಿ ಸಿಕ್ಕವರನ್ನು ಕೇಳುವ ಮಾತು. ಮುಂದಿನ ವರ್ಷವೆಂದರೆ ‘ಬಪ್ಪ ವರ್ಷ’. ಜೊತೆಗಾರರನ್ನು ಎಬ್ಬಿಸಲು ‘ಹೋಪನ’, ಎಲೆಯ ಮುಂದೆ ಕೂರಿಸಲು ‘ಉಂಬನ’. ಗಾದೆಯಲ್ಲೋ ವಚನದಲ್ಲೋ ಉಳಿದ ಪಳೆಯುಳಿಕೆಗಳಲ್ಲ ಇವು, ಹೊಸ ವಾಕ್ಯಗಳಲ್ಲಿ ಇವತ್ತೂ ಹುಟ್ಟುತ್ತಿರುವ ರೂಪಗಳು.

‘ಹೇಳಿ’ ಎಂಬ ಕೊಂಡಿ

ಬರಹದ ಕನ್ನಡದಲ್ಲಿ ‘ಎಂದು’, ಬಯಲುಸೀಮೆಯ ಮಾತಿನಲ್ಲಿ ‘ಅಂತ’ ಮಾಡುವ ಕೆಲಸವನ್ನು ಇಲ್ಲಿ ‘ಹೇಳಿ’ ಮಾಡುತ್ತದೆ. ‘ಆನು ಬತ್ತಿ ಹೇಳಿ ಹೇಳಿದ್ದ’ ಎಂದರೆ ಬರುತ್ತೇನೆ ಎಂದು ಹೇಳಿದ್ದಾನೆ. ಎರಡು ‘ಹೇಳು’ಗಳು ಒತ್ತೊತ್ತಾಗಿ ಬಂದರೂ ಯಾರಿಗೂ ಅದು ಪುನರುಕ್ತಿ ಎನ್ನಿಸುವುದಿಲ್ಲ, ಏಕೆಂದರೆ ಮೊದಲನೆಯದು ಕ್ರಿಯೆಯಾಗಿ ಉಳಿದಿಲ್ಲ. ‘ಕೇಳವು ಹೇಳಿ ಬಂದಿ’ ಎಂಬಲ್ಲಿ ಯಾರೂ ಏನನ್ನೂ ಹೇಳಿಲ್ಲ, ಕೇಳಬೇಕೆಂಬ ಉದ್ದೇಶವಷ್ಟೇ ಇದೆ. ಹೆಸರು ಹೇಳುವಾಗಲೂ ಅದೇ ‘ಹೇಳಿ’, ಕಾರಣ ಕೊಡುವಾಗ ‘ಎಂತಕ್ಕೆ ಹೇಳಿರೆ’. ಹೇಳುವ ಕ್ರಿಯೆಯೊಂದು ವಾಕ್ಯದೊಳಗೆ ವಾಕ್ಯವನ್ನು ಕೂರಿಸುವ ಕೊಂಡಿಯಾಗುವುದು ದ್ರಾವಿಡ ನುಡಿಗಳಲ್ಲೆಲ್ಲ ಕಾಣುವ ನಡೆ. ‘ಎನ್’ ಧಾತುವಿನಿಂದ ‘ಎಂದು’ ಹುಟ್ಟಿದ್ದೂ ಹೀಗೆಯೇ. ಹವ್ಯಕ ಕನ್ನಡ ಅದನ್ನೇ ಇನ್ನೊಂದು ಧಾತುವಿನಲ್ಲಿ ಮತ್ತೊಮ್ಮೆ ಮಾಡಿದೆ.

ಸೀಮೆಯಿಂದ ಸೀಮೆಗೆ

ಹವ್ಯಕ ಕನ್ನಡ ಎಲ್ಲೆಡೆ ಒಂದೇ ಅಲ್ಲ. ಸಾಗರದ ಕಡೆಯದು ಶಿರಸಿ ಸಿದ್ದಾಪುರದ ಮಾತಿಗೆ ಹತ್ತಿರ. ಘಟ್ಟದ ಕೆಳಗೆ ಕುಮಟಾ ಹೊನ್ನಾವರದಲ್ಲಿ ಧಾಟಿ ಬದಲಾಗುತ್ತದೆ. ದೊಡ್ಡ ಅಂತರವಿರುವುದು ಪುತ್ತೂರು, ಸುಳ್ಯ, ಕಾಸರಗೋಡುಗಳ ಮಾತಿನೊಡನೆ. ಶಿರಸಿಯವನ ‘ಆನು ಬಂಜಿ’ ಅಲ್ಲಿ ‘ಆನು ಬೈಂದೆ’. ಇಲ್ಲಿಯ ‘ಹೋಗವು’ ಅಲ್ಲಿ ‘ಹೋಯೆಕ್ಕು’, ‘ಮಾಡಡ’ ಅಲ್ಲಿ ‘ಮಾಡೆಡ’. ಆದರೂ ‘ಅಕ್ಕು’, ‘ಬಪ್ಪ’, ‘ಹೇಳಿ’, ಹೆಣ್ಣಿಗೆ ‘ಅದು’ ಎಂಬ ಮುಖ್ಯ ಕಂಬಗಳು ಎರಡೂ ಕಡೆ ಸಮ. ಎರಡೂ ಕಡೆಯವರು ಮದುವೆಯಲ್ಲಿ ಎದುರಾದಾಗ ಮೊದಲ ಅರ್ಧ ತಾಸು ಒಬ್ಬರ ಮಾತನ್ನು ಇನ್ನೊಬ್ಬರು ಖುಷಿಯಿಂದ ಅನುಕರಿಸುವುದರಲ್ಲೇ ಕಳೆಯುತ್ತದೆ.

ಬರಹ ಮತ್ತು ಅಧ್ಯಯನ

ವ್ಯಾಕರಣದ ಮಾತಿಗೆ ಈ ಜಿಲ್ಲೆ ಹೊಸದಲ್ಲ. 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ‘ಕರ್ಣಾಟಕ ಶಬ್ದಾನುಶಾಸನ’ ಬರೆದ ಭಟ್ಟಾಕಳಂಕನ ಹೆಸರು ಉತ್ತರ ಕನ್ನಡದ ಜೈನ ಪರಂಪರೆಯೊಡನೆ ಹೆಣೆದುಕೊಂಡಿದೆ. ಶಿರಸಿ ಬಳಿಯ ಸೋಂದೆಯ ಸ್ವಾದಿ ಜೈನಮಠದ ಪೀಠಾಧಿಪತಿಗಳಿಗೆ ಇಂದಿಗೂ ಭಟ್ಟಾಕಳಂಕ ಎಂಬುದೇ ಪೀಠನಾಮ. ಕೇಶಿರಾಜ, ಭಟ್ಟಾಕಳಂಕರ ಮಹಾವ್ಯಾಕರಣಗಳು ಕವಿಗಳ ಭಾಷೆಯನ್ನು ನೋಡಿದವು, ಮನೆಮಾತಿನ ಕಡೆ ತಿರುಗಲಿಲ್ಲ.

ಹವ್ಯಕ ಮಾತು ಅಚ್ಚಿನಲ್ಲಿ ಗಟ್ಟಿಯಾಗಿ ಕಾಲೂರಿದ್ದು ನಾಟಕದ ಮೂಲಕ. ಹೊನ್ನಾವರ ತಾಲೂಕಿನ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಪ್ರಕಟಿಸಿದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಕನ್ಯಾವಿಕ್ರಯವನ್ನು ವಿರೋಧಿಸಿ ಬರೆದದ್ದು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನು ಎಣಿಸುತ್ತಾರೆ, ಅದರ ಪಾತ್ರಗಳು ಆಡುವುದು ಹವ್ಯಕ ಕನ್ನಡ. ಶಾಸ್ತ್ರೀಯ ಅಧ್ಯಯನ ಬಂದದ್ದು ತಡವಾಗಿ. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಿಂದ ಕನ್ನಡದ ಒಳನುಡಿಗಳ ಮೇಲೆ ಒಂದೊಂದಾಗಿ ಪುಸ್ತಕ ತಂದಿತು. ಅವುಗಳಲ್ಲಿ ಎ. ಎಸ್. ಆಚಾರ್ಯರ ಹಾಲಕ್ಕಿ ಕನ್ನಡದ ವಿವರಣೆ 1967ರದು, ಡಿ. ಎನ್. ಶಂಕರ ಭಟ್ಟರ ಹವ್ಯಕ ವ್ಯಾಕರಣದ ರೂಪರೇಖೆ 1971ರದು. ದಕ್ಷಿಣ ಕನ್ನಡದವರಾದ ಶಂಕರ ಭಟ್ಟರಿಗೆ ಇದು ಮನೆಮಾತು. ಕನ್ನಡವನ್ನು ಸಂಸ್ಕೃತದ ಅಚ್ಚಿನಲ್ಲಿಟ್ಟು ನೋಡುವುದನ್ನು ಬಿಡಬೇಕೆಂದು ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಮಾಡಿದ ವಾದದ ಹಿಂದೆ, ಪುಸ್ತಕದ ನಿಯಮಕ್ಕೆ ಸಿಗದ ಮಾತನ್ನು ಆಡುತ್ತ ಬೆಳೆದ ಅನುಭವವೂ ಇದೆ ಎಂದು ಓದುಗನಿಗೆ ಅನ್ನಿಸದಿರದು. ಶಿರಸಿ ಸೀಮೆಯ ಬಗೆಗೂ ಅಷ್ಟೇ ವಿವರವಾದ ವ್ಯಾಕರಣ ಬೇಕು. ‘ಬಂಜ್ನಾ’, ‘ಬಂಜ್ವಾ’ಗಳನ್ನು ತಡವರಿಸದೆ ಬಳಸುವ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.

ಇಂಗ್ಲಿಷ್ ಪದ, ಹವ್ಯಕ ವಾಕ್ಯ

ಎರಡು ತಲೆಮಾರುಗಳಿಂದ ಈ ಮನೆಗಳ ಮಕ್ಕಳು ಓದಿಗೆ, ನೌಕರಿಗೆ ಬೆಂಗಳೂರು, ಪುಣೆ, ವಿದೇಶ ಸೇರಿದ್ದಾರೆ. ಇಂಗ್ಲಿಷ್ ಪದಗಳು ಮಾತಿನಲ್ಲಿ ಧಾರಾಳವಾಗಿವೆ. ಅವು ಬಂದದ್ದು ನಾಮಪದಗಳಾಗಿ, ಕ್ರಿಯೆಯ ಭಾರ ಹೊತ್ತದ್ದು ‘ಮಾಡು’ ಮತ್ತು ‘ಆಗು’. ‘ಫೋನ್ ಮಾಡಿದ್ದಿ’, ‘ಚಾರ್ಜ್ ಆಯ್ದು’, ‘ಮೀಟಿಂಗ್ ಇದ್ದು’. ಇಂಗ್ಲಿಷ್ ಪದದಲ್ಲಿ ಕಾಣದ ಲಿಂಗವನ್ನು ಇಲ್ಲಿಯ ಕ್ರಿಯಾಪದ ಹೇಳಿಬಿಡುತ್ತದೆ: ‘ಡ್ರೈವರ್ ಬಂಜ’ ಎಂದರೆ ಗಂಡು, ‘ಡ್ರೈವರ್ ಬಂಜು’ ಎಂದರೆ ಹೆಣ್ಣು. ‘ಬಸ್ಸು ಬ್ರೇಕ್‌ಡೌನ್ ಆಯ್ದಡ, ಅವ್ಕೆ ಬಪ್ಪಲೆ ಲೇಟ್ ಅಕ್ಕು’ ಎಂಬ ವಾಕ್ಯವನ್ನು ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ಆಡಬಹುದು. ಅದರಲ್ಲಿ ಮೂರು ಪದ ಇಂಗ್ಲಿಷಿನವು. ಕೆಟ್ಟು ನಿಂತಿರುವುದನ್ನು ಹೇಳಲು ‘ಆಯ್ದು’ ಇದೆ, ಅದು ಬೇರೆಯವರಿಂದ ಕೇಳಿದ ಸುದ್ದಿ ಎನ್ನಲು ‘ಅಡ’ ಇದೆ, ಬರುವ ಕ್ರಿಯೆ ‘ಬಪ್ಪಲೆ’ಯಲ್ಲಿ ಹಳೆಯ ಪಕಾರವನ್ನು ಹಾಗೆಯೇ ಹಿಡಿದಿದೆ, ತಡವಾದೀತೆಂಬ ಅಂದಾಜನ್ನು ಕೇಶಿರಾಜನ ಕಾಲದ ‘ಅಕ್ಕು’ ಹೇಳುತ್ತಿದೆ.